ವಾಯುವಿಳಂಗದ ಬಳ್ಳಿ ಹಿಡಿದು: ಕಾರವಾರದಿಂದ ಶಿರಸಿಗೆ ಅಬಿಸಾರ ಚಿಟ್ಟೆಯ ಜಾಡು

ಗುರುವಾರ, ಕಾರವಾರ

ಅಬಿಸಾರ ಕುಲದ ಚಿಟ್ಟೆ ನೋಡಲು ಶಿರಸಿ ಸುತ್ತಮುತ್ತಲ ಕಾನುಗಳೇ ಸಾಕು, ಕಾರವಾರದ ತನಕ ಬರಬೇಕಾದ್ದಿಲ್ಲ. ಆದರೂ ತಿರುಗಾಟ ಕಾರವಾರದಿಂದಲೇ ಶುರುವಾಗಬೇಕು ಎಂದು ನಾನು ಹಟ ಹಿಡಿದೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುವ ಅಕ್ಕನ ಮಗಳು ದೀಪಾವಳಿ ರಜೆಯಲ್ಲಿ ನನ್ನ ಜೊತೆ ತಿರುಗಲು ಒಪ್ಪಿದ್ದಳು. "ಸಮುದ್ರದ ದಂಡೆಲಿ ಆ ಚಿಟ್ಟೆ ಎಲ್ಲಿದ್ದು ಮಾವಾ?" ಎಂದು ಕೇಳಿದಳು. ದಂಡೆಯಲ್ಲಿ ಇಲ್ಲ, ನಿಜ. ಆದರೆ ನಮ್ಮ ಜಿಲ್ಲೆಯ ಚಿಟ್ಟೆಗಳ ಬಾಳು ಮೊದಲ ಸಲ ಕಾಗದಕ್ಕೆ ಇಳಿದದ್ದು ಈ ಊರಿನಲ್ಲಿ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಮೇಲೆ ಕಾರವಾರಕ್ಕೆ ಬಂದುಹೋದ ಬ್ರಿಟಿಷ್ ಅಧಿಕಾರಿಗಳು ಎಷ್ಟೋ ಮಂದಿ. ಅವರಲ್ಲಿ ಮೂವರನ್ನು ನಾನು ಬೇರೆಯಾಗಿ ನೆನೆಯುತ್ತೇನೆ. ಜೇಮ್ಸ್ ಡೇವಿಡ್ಸನ್ ಜಿಲ್ಲೆಯ ಕಲೆಕ್ಟರ್. ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. ಥಾಮಸ್ ರೀಡ್ ಬೆಲ್ ಅರಣ್ಯ ಇಲಾಖೆಯವರು. ಆ ಕಾಲದಲ್ಲಿ ಚಿಟ್ಟೆ ಎಂದರೆ ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸುವ ವಸ್ತು. ಈ ಮೂವರು ಬೇರೆ ದಾರಿ ಹಿಡಿದರು. ಎಲೆ ಮಗುಚಿ ಹುಳ ಹುಡುಕಿದರು. ಹುಳ ಯಾವ ಗಿಡ ತಿನ್ನುತ್ತದೆ ಎಂದು ನೋಡಿ ಅದೇ ಎಲೆ ತಂದು ಹಾಕಿದರು, ಗೂಡು ಕಟ್ಟುವುದನ್ನು, ಗೂಡೊಡೆದು ಚಿಟ್ಟೆ ಹೊರಬರುವುದನ್ನು ದಿನದಿನ ಬರೆದಿಟ್ಟರು. ಡೇವಿಡ್ಸನ್ ಮತ್ತು ಐಟ್ಕನ್ ಸೇರಿ ಬರೆದದ್ದು 1890ರಲ್ಲಿ ಆ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಬೆಲ್ ಕೂಡ ಸೇರಿಕೊಂಡ ಮೇಲಿನ ದೊಡ್ಡ ಬರಹ 1896-97ರಲ್ಲಿ ಕಂತುಗಳಾಗಿ ಅಚ್ಚಾಯಿತು. ಭಾರತದ ಚಿಟ್ಟೆಗಳ ಮರಿಹುಳ ಯಾವ ಗಿಡದಲ್ಲಿ ಬೆಳೆಯುತ್ತದೆ ಎಂದು ಇವತ್ತು ಯಾರು ಕೇಳಿದರೂ ಉತ್ತರದ ಬೇರು ಬಹಳ ಸಲ ಈ ಜಿಲ್ಲೆಗೆ ಬಂದು ತಾಗುತ್ತದೆ.

ಬೆಲ್ ಹುಟ್ಟಿದ್ದು 1863ರಲ್ಲಿ, ಐರ್ಲೆಂಡಿನಲ್ಲಿ. ನಿವೃತ್ತಿಯಾದ ಮೇಲೂ ಕಾರವಾರ ಬಿಟ್ಟು ಹೋಗಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಒಂದೇ ಸೀಮೆಯ ಗಿಡ, ಹುಳ, ಪತಂಗ, ಚಿಟ್ಟೆ ನೋಡಿದ ಮನುಷ್ಯ! ಹಾಕ್‌ಮಾತ್ ಎಂಬ ದೊಡ್ಡ ಪತಂಗಗಳ ಮೇಲೆ ಸ್ಕಾಟ್ ಜೊತೆ ಸೇರಿ ಬರೆದ ಸಂಪುಟ 1937ರಲ್ಲಿ ಹೊರಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಊರಿನಲ್ಲಿ ಅವರ ಹೆಸರು ಹೇಳಿದರೆ ಗುರುತು ಹಿಡಿದವರು ಸಿಗಲಿಲ್ಲ. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ತಂಗಿದ್ದರು ಎಂಬುದನ್ನು ರಿಕ್ಷಾದವರೂ ಹೇಳುತ್ತಾರೆ, ಕಡಲ ದಂಡೆಗೆ ಅವರದೇ ಹೆಸರಿದೆ. ಆ ಪಕ್ಕದಲ್ಲಿ ಬೆಲ್ ಹೆಸರಿಗೂ ಒಂದಿಷ್ಟು ಜಾಗ ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮಧ್ಯಾಹ್ನ ಸಣ್ಣ ಖಾನಾವಳಿಯೊಂದರಲ್ಲಿ ಅನ್ನ, ಸೋಲ್‌ಕಡಿ. ಸಂಜೆ ಕಾಳಿ ಸೇತುವೆಯ ಬದಿಯಲ್ಲಿ ಸದಾಶಿವಗಡದ ಗುಡ್ಡ ನೋಡುತ್ತ, ನಾಳೆ ಹುಡುಕಬೇಕಾದ ಜೀವಿಯ ಕುಲಗೋತ್ರ ಮಾತಾಡಿದೆವು.

ಅಬಿಸಾರ ಸೇರುವುದು ರಿಯೊಡಿನಿಡೆ ಕುಟುಂಬಕ್ಕೆ, ಮೆಟಲ್‌ಮಾರ್ಕ್ ಎಂದು ಕರೆಯುವ ಚಿಟ್ಟೆಗಳು. ಈ ಕುಟುಂಬದ ಎಷ್ಟೋ ಚಿಟ್ಟೆಗಳ ರೆಕ್ಕೆಯಲ್ಲಿ ತಗಡಿನಂತೆ ಹೊಳೆಯುವ ಚುಕ್ಕೆಗಳಿವೆ, ಹೆಸರು ಬಂದದ್ದು ಅದರಿಂದ. ಜಗತ್ತಿನಲ್ಲಿ ಸುಮಾರು 1,500 ಪ್ರಭೇದಗಳು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಅಮೆರಿಕ ಖಂಡಗಳದ್ದು, ಅದರಲ್ಲೂ ಅಮೆಜಾನಿನಂಥ ಉಷ್ಣವಲಯದ ಕಾಡುಗಳದ್ದು. ಇಡೀ ಯುರೋಪಿಗೆ ಸೇರಿ ಸಿಕ್ಕಿದ್ದು ಒಂದೇ ಒಂದು. ಏಷ್ಯಾ, ಆಫ್ರಿಕಗಳಿಗೆ ಬಂದದ್ದು ಸಣ್ಣ ಪಾಲು, ಆ ಸಣ್ಣ ಪಾಲಿನಲ್ಲಿ ಅಬಿಸಾರ ಒಂದು ಮುಖ್ಯ ಕುಲ. 1860ರಲ್ಲಿ ಫೆಲ್ಡರ್ ತಂದೆ-ಮಗ ಇದಕ್ಕೆ ಈ ಹೆಸರಿಟ್ಟರು. ಇದರ ಎರಡು ಡಜನ್‌ಗೂ ಹೆಚ್ಚು ಪ್ರಭೇದಗಳು ಆಫ್ರಿಕದ ಕಾಡುಗಳಿಂದ ಹಿಡಿದು ಭಾರತ, ಚೀನಾ, ಮಲಯದ ತನಕ ಹರಡಿವೆ. ಬಾಲವಿರುವ ಟೇಲ್ಡ್ ಜೂಡಿ, ಡಾರ್ಕ್ ಜೂಡಿಯಂಥವನ್ನು ನೋಡಲು ಈಶಾನ್ಯಕ್ಕೆ, ಹಿಮಾಲಯದ ಬುಡಕ್ಕೆ ಹೋಗಬೇಕು. ನಮ್ಮ ಘಟ್ಟದ ಪಾಲಿಗೆ ಇರುವುದು ಪ್ಲಮ್ ಜೂಡಿ, ಮತ್ತೆ ಅದನ್ನೇ ಬಹುವಾಗಿ ಹೋಲುವ ಡಬಲ್ ಬ್ಯಾಂಡೆಡ್ ಜೂಡಿ. ಬಹಳ ಕಾಲ ಎರಡನ್ನೂ ಒಂದೇ ಎಂದು ಲೆಕ್ಕ ಹಿಡಿದಿದ್ದರು. ಆದ್ದರಿಂದ ಒಂದು ಫೋಟೋ ಹಿಡಿದು ಇಂಥದ್ದೇ ಎಂದು ಹೆಸರು ಹಚ್ಚುವುದು ಸರಿಯಲ್ಲ. ನಮ್ಮ ಪುಸ್ತಕದಲ್ಲಿ 'ಅಬಿಸಾರ' ಎಂದಷ್ಟೇ ಬರೆಯೋಣ ಎಂದು ಇಬ್ಬರೂ ಒಪ್ಪಿಕೊಂಡೆವು.

ಶುಕ್ರವಾರ, ಅಣಶಿ

ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಈಗ ಇದೆಲ್ಲ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮನಸ್ಸು ಬಂದ ಕಡೆ ಕಾಡಿಗೆ ನುಗ್ಗುವ ಹಾಗಿಲ್ಲ, ನುಗ್ಗಲೂಬಾರದು. ಒಪ್ಪಿಗೆ ಇರುವ ದಾರಿಯಲ್ಲಿ ಇಲಾಖೆಯ ವಾಚರ್ ಒಬ್ಬರ ಜೊತೆ ನಡೆದೆವು. ಜೋಯಿಡಾ ಕಡೆಯ ಕುಣಬಿ ಜನ ಅವರು, ಕೊಂಕಣಿ ಬೆರೆತ ಮೆತ್ತನೆ ಕನ್ನಡ. ಹೊರಡುವಾಗ ಕೇಳಿದರು, "ಹುಲಿ ನೋಡೂದಲ್ಲಾ ಸರ್, ಪಾತರಗಿತ್ತಿ ನೋಡೂದಾ?" ಪಾತರಗಿತ್ತಿಯೇ ಎಂದಾಗ ಅವರ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಹಾಗಾದರೆ ಬೆಳಿಗ್ಗೆ ಬೆಳಿಗ್ಗೆ ಓಡಬೇಕಾಗಿಲ್ಲ, ಬಿಸಿಲೇರಲಿ ಎಂದರು.

ಬಿಸಿಲೇರಿದ ಮೇಲೆ ರಸ್ತೆಯಂಚಿನ ಒದ್ದೆ ಮಣ್ಣಿನಲ್ಲಿ ಬೇರೆ ಚಿಟ್ಟೆಗಳ ಸಂತೆ. ಹಳದಿ, ಬಿಳಿ, ನೀಲಿ ಪಟ್ಟೆಯವು ಗುಂಪುಗುಂಪಾಗಿ ಕೂತು ಮಣ್ಣಿನ ಉಪ್ಪು ಹೀರುತ್ತಿದ್ದವು. ರಾಜ್ಯದ ಚಿಟ್ಟೆ ಎನಿಸಿಕೊಂಡ ಸಹ್ಯಾದ್ರಿ ಬರ್ಡ್‌ವಿಂಗ್ ಒಂದು ಮರದ ತುದಿ ಮಟ್ಟದಲ್ಲಿ ತೇಲಿಹೋಯಿತು. ಸಾಮಾನ್ಯವಾಗಿ ಕ್ಯಾಮೆರಾ ಅಲ್ಲೇ ನಿಂತುಬಿಡುತ್ತದೆ. ನಾವು ಹುಡುಕುವ ಜೀವಿ ಮಾತ್ರ ಆ ಬೆಳಕಿಗೆ ಬರುವಂಥದ್ದಲ್ಲ. ರಸ್ತೆ ಬಿಟ್ಟು ಕಾಲುದಾರಿಗೆ ಇಳಿದು, ಮರದ ನೆರಳು ದಟ್ಟವಾಗಿ, ಅಲ್ಲಲ್ಲಿ ಮಾತ್ರ ಬಿಸಿಲಿನ ಬೊಟ್ಟು ಬೀಳುವ ಕಡೆ ಬಂದಾಗ ಅಕ್ಕನ ಮಗಳು ನನ್ನ ತೋಳು ಹಿಡಿದಳು. "ಅಲ್ನೋಡು ಮಾವಾ, ಆ ಎಲೆ ಮೇಲೆ."

ಸೊಂಟದೆತ್ತರದ ಪೊದೆಯ ಎಲೆಯ ಮೇಲೆ, ರೆಕ್ಕೆ ಅರ್ಧ ಬಿಚ್ಚಿಕೊಂಡು ಕೂತಿತ್ತು. ಕೂತಿತ್ತು ಎನ್ನುವುದಕ್ಕಿಂತ ತಿರುಗುತ್ತಿತ್ತು ಎನ್ನಬೇಕು. ಎಲೆಯ ಮೇಲೆ ಇಳಿದ ಕೂಡಲೇ ಅರ್ಧ ಸುತ್ತು ಎಡಕ್ಕೆ, ತುಸು ತಡೆದು ಮತ್ತೆ ಬಲಕ್ಕೆ, ನಾಲ್ಕು ಹೆಜ್ಜೆ ಪುಟುಪುಟು ನಡೆದು ಮತ್ತೆ ಸುತ್ತು, ಆಮೇಲೆ ಪಕ್ಕದ ಎಲೆಗೆ ಒಂದು ನೆಗೆತ. ಯಕ್ಷಗಾನದಲ್ಲಿ ಪ್ರವೇಶ ಮಾಡಿದ ಬಾಲಗೋಪಾಲ ವೇಷ ರಂಗಸ್ಥಳದ ನಾಲ್ಕೂ ಮೂಲೆಗೆ ಮುಖ ತೋರಿಸುವ ಹಾಗೆ ಅದು ಎಲ್ಲ ದಿಕ್ಕಿಗೂ ತಿರುಗಿತು. ಈ ತಿರುಗುವಿಕೆ ಅಬಿಸಾರದ ಗುರುತು. ಬಣ್ಣ ಕಾಣದಷ್ಟು ಕತ್ತಲಿದ್ದರೂ ನಡೆ ನೋಡಿ ಹೆಸರು ಹೇಳಬಹುದು.

ಬಣ್ಣದ ಮಾತು. ದೂರಕ್ಕೆ ಬರೀ ಕಂದು. ಹತ್ತಿರ ಹೋದರೆ ಹಣ್ಣಾದ ನೇರಳೆಗೂ ಕೆಂಪುಕಂದಿಗೂ ನಡುವಿನದು. ಬೆಳಕು ಓರೆಯಾಗಿ ಬಿದ್ದ ಕ್ಷಣ ಅದರ ಮೇಲೆ ನೀಲಿ ಹೊಳಪು ಹಾದುಹೋಗುತ್ತದೆ. ರೆಕ್ಕೆಗೆ ಅಡ್ಡಲಾಗಿ ಮಾಸಿದ ಪಟ್ಟೆಗಳು, ಹೆಣ್ಣಿನಲ್ಲಿ ಅವು ಹೆಚ್ಚು ಎದ್ದು ಕಾಣುತ್ತವೆ. ಹಿಂದಿನ ರೆಕ್ಕೆಯ ಅಂಚು ನಡುವೆ ಮೊನೆಯಾಗಿದೆ, ಅಂಚಿನ ಬಳಿ ಬಿಳಿ ಗೆರೆ ತಾಗಿದ ಕಪ್ಪು ಕಣ್ಣುಗಳು. ರೆಕ್ಕೆ ಬಿಚ್ಚಿದರೆ ಒಟ್ಟು ಅಗಲ ನಾಲ್ಕೈದು ಸೆಂಟಿಮೀಟರ್. ಅಮೆರಿಕದ ಬಂಧುಗಳ ತಗಡಿನ ಚುಕ್ಕೆ ಇದಕ್ಕಿಲ್ಲ. ನನಗಂತೂ ಇದರ ಅಂದ ಸಾಕು. ಅರೆನೆರಳಿನಲ್ಲಿ ಬಾಳುವುದಕ್ಕೆ ಇಷ್ಟು ಒಪ್ಪುವ ಬಣ್ಣ ಬೇರೊಂದನ್ನು ನಾನು ಕಂಡಿಲ್ಲ.

ವಾಚರ್ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. "ಇದು ಇಲ್ಲೇ ಇರ್ತದೆ ಸರ್. ಓಡಿಸಿದ್ರೂ ದೂರ ಹೋಗೂದಿಲ್ಲ." ನಿಜ. ನಾವು ಹತ್ತಿರ ಸರಿದಾಗ ಎದ್ದು ಚುರುಕಾಗಿ ಹಾರಿತು, ಹಾರಿದ್ದು ಮಾತ್ರ ಕೆಲವೇ ಮಾರು. ಮತ್ತೆ ಅದೇ ನೆರಳಿನ ಇನ್ನೊಂದು ಎಲೆ, ಮತ್ತೆ ತಿರುಗಾಟ. ಬಿಸಿಲಿನ ಬೊಟ್ಟಿಗೆ ಬಂದರೂ ನಿಲ್ಲಲಿಲ್ಲ.

ಅದರ ಕಾಲು ನೋಡಬೇಕಿತ್ತು ನನಗೆ. ಈ ಕುಟುಂಬದ ಗಂಡಿನ ಮುಂಗಾಲು ಗಿಡ್ಡವಾಗಿ ನಡಿಗೆಗೆ ಬಾರದ ಹಾಗಿರುತ್ತವೆ, ಗಂಡು ನಡೆಯುವುದು ನಾಲ್ಕೇ ಕಾಲಲ್ಲಿ. ಹೆಣ್ಣಿಗೆ ಆರೂ ಕಾಲು ಸರಿಯಾಗಿವೆ. ಹೆಣ್ಣು ಚಿಟ್ಟೆ ಮೊಟ್ಟೆಯಿಡುವ ಗಿಡವನ್ನು ಕಾಲಿನಿಂದಲೇ ರುಚಿ ನೋಡಿ ಗುರುತಿಸುತ್ತದೆ. ಎಲೆ ತಟ್ಟಿ, ಇದು ನನ್ನ ಮಕ್ಕಳು ತಿನ್ನುವ ಗಿಡ ಹೌದೇ ಎಂದು ಖಾತ್ರಿ ಮಾಡಿಕೊಂಡೇ ಮೊಟ್ಟೆ ಇಡುತ್ತದೆ. ಅಣಶಿಯಲ್ಲಿ ಕಂಡದ್ದು ಬಣ್ಣದ ಕಡುಪಿನಿಂದ ಗಂಡು ಎನಿಸಿತು, ಲೆನ್ಸಿನಲ್ಲೂ ನಾಲ್ಕೇ ಕಾಲು ಎಲೆಗೆ ಊರಿದ್ದು ಕಂಡಿತು.

ಅಲ್ಲಿ ಹುಳ ಹುಡುಕಲಿಲ್ಲ. ಸಂರಕ್ಷಿತ ಕಾಡಿನಲ್ಲಿ ಎಲೆ ಮಗುಚುತ್ತ ಕೂರುವುದು ತರವಲ್ಲ. ಅದನ್ನು ಭಾವನ ಬೆಟ್ಟಕ್ಕೆ ಇಟ್ಟುಕೊಂಡೆವು.

ಶನಿವಾರ, ಅಂಕೋಲೆಯಿಂದ ದೇವಿಮನೆಗೆ

ದಂಡೆಯ ಉದ್ದಕ್ಕೂ ಬಸ್ಸು. ಅಂಕೋಲೆ, ಗೋಕರ್ಣದ ತಿರುವು, ಕುಮಟೆ. ಗಾಳಿಮರದ ನೆಡುತೋಪು, ತೆಂಗು, ಗಜನಿ ಗದ್ದೆ, ಬೋಳು ಜಂಬಿಟ್ಟಿಗೆ ಗುಡ್ಡ. ಅಬಿಸಾರಕ್ಕೆ ಇಲ್ಲಿ ಕೆಲಸವಿಲ್ಲ. ಬಿಸಿಲು ಹೆಚ್ಚು, ನೆರಳು ತುಂಡುತುಂಡು, ಎಲ್ಲಕ್ಕಿಂತ ಮುಖ್ಯವಾಗಿ ಮರಿಹುಳದ ಊಟ ಇಲ್ಲ. ಕುಮಟೆಯಿಂದ ಶಿರಸಿ ಕಡೆ ತಿರುಗಿ ಒಳನಾಡಿಗೆ ಬಂದಂತೆ ಗಾಳಿಯೇ ಬೇರೆಯಾಗುತ್ತದೆ. ಹೆದ್ದಾರಿ ಅಗಲ ಮಾಡಲು ಕಡಿದ ಕಡೆ ಕೆಂಪು ಮಣ್ಣಿನ ಗೋಡೆಗಳು. ದಾರಿ ಬೇಕು, ನಾನೂ ಅದೇ ದಾರಿಯಲ್ಲಿ ಓಡಾಡುವವನು. ಆದರೆ ರಸ್ತೆಯಂಚಿನ ಮರಸಾಲು ಹೋದರೆ ಬರೀ ಮರ ಹೋಗುವುದಲ್ಲ, ಅದರ ಬುಡದ ಅರೆನೆರಳು ಹೋಗುತ್ತದೆ, ಆ ಅರೆನೆರಳನ್ನೇ ನಂಬಿದ್ದ ಬಳ್ಳಿಯೂ ಹೋಗುತ್ತದೆ. ಇದನ್ನು ಎಣಿಸಿ ನಷ್ಟದ ಪಟ್ಟಿಯಲ್ಲಿ ಬರೆಯುವವರು ಬೇಕು.

ದೇವಿಮನೆ ಘಟ್ಟದಲ್ಲಿ ಇಳಿದೆವು. ಘಟ್ಟದ ಈ ಭಾಗ ಔಷಧೀಯ ಸಸ್ಯಗಳ ಸಂರಕ್ಷಣೆಗೆ ಗುರುತಿಸಿದ ಜಾಗಗಳಲ್ಲಿ ಒಂದು. ಬಳ್ಳಿಯನ್ನು ಅಕ್ಕನ ಮಗಳೇ ಗುರುತಿಸಿದಳು. ವಾಯುವಿಳಂಗ. ಮರಕ್ಕೆ ಹಬ್ಬಿದ ಗಟ್ಟಿ ಬಳ್ಳಿ, ಗಂಟುಗಂಟು ತೊಗಟೆ, ಮೇಲ್ಮೈ ಹೊಳೆಯುವ ಎಲೆ. ಎಂಬೇಲಿಯಾ ರೈಬಿಸ್ ಎಂಬುದು ಅದರ ಸಸ್ಯಶಾಸ್ತ್ರದ ಹೆಸರು. ಅಬಿಸಾರದ ಮರಿ ಉಣ್ಣುವುದು ಈ ಎಂಬೇಲಿಯಾ ಕುಲದ ಗಿಡಬಳ್ಳಿಗಳನ್ನು. ಇದೇ ಕುಲದ ಇನ್ನೊಂದು, ಪೊದೆಯಾಗಿ ಬೆಳೆಯುವ ಅಗಲ ಎಲೆಯದು ಎಂಬೇಲಿಯಾ ಚೆರಿಯಂ-ಕೊಟ್ಟಂ.

ವಾಯುವಿಳಂಗದ ಕಾಯಿಯನ್ನು ನಮ್ಮಲ್ಲಿ ನೋಡದ ಅಜ್ಜಿಯರಿಲ್ಲ. ಒಣಗಿದರೆ ಕಾಳುಮೆಣಸಿನ ಹಾಗೇ ಕಾಣುವ ಪುಟ್ಟ ಗುಂಡು ಕಾಯಿ, ಮೆಣಸಿಗೆ ಕಲಬೆರಕೆ ಮಾಡಲೂ ಬಳಸಿದ್ದುಂಟು. ಮಕ್ಕಳ ಹೊಟ್ಟೆಹುಳಕ್ಕೆ ಆಯುರ್ವೇದ ಹೇಳುವ ಮದ್ದು ಇದು. ಮದ್ದಿಗೆ ಇಷ್ಟು ಬೇಡಿಕೆ ಇರುವುದೇ ಬಳ್ಳಿಗೆ ಕಂಟಕ. ತೋಟದಲ್ಲಿ ಬೆಳೆಸುವುದಕ್ಕಿಂತ ಕಾಡಿನಿಂದ ಕೀಳುವುದೇ ಹೆಚ್ಚು, ಕಾಯಿ ಕೊಯ್ಯಲು ಸುಲಭವೆಂದು ಬಳ್ಳಿಯನ್ನೇ ಕಡಿದೆಳೆಯುವವರೂ ಇದ್ದಾರೆ. ಕಡಿದ ಬಳ್ಳಿಯ ಜೊತೆ ಎಲೆಯಡಿಯ ಮೊಟ್ಟೆ, ಹುಳ ಎಲ್ಲ ಹೋಗುತ್ತವೆ.

ಸಂಜೆ ನಾಲ್ಕರ ಹೊತ್ತಿಗೆ ಬಳ್ಳಿಯಿಂದ ಸ್ವಲ್ಪ ದೂರದಲ್ಲೇ ಒಂದು ಅಬಿಸಾರ ಸಿಕ್ಕಿತು, ಪಟ್ಟೆ ಎದ್ದು ಕಾಣುವ ಹೆಣ್ಣು. ಬಳ್ಳಿ ಕಂಡಲ್ಲಿ ಚಿಟ್ಟೆ ಸಿಗುತ್ತದೆ ಎಂಬ ನನ್ನ ನಂಬಿಕೆ ಬಲವಾಯಿತು. ಕೊನೆಯ ಬಸ್ಸಿಗೆ ಶಿರಸಿ.

ಭಾನುವಾರ, ಅಕ್ಕನ ಮನೆ

"ಬಂದ್ಯನಾ ಭಾವ? ಆಸರಿಗೆ ಎಂತ ಬೇಕು?" ಭಾವನ ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲೇ ಅಕ್ಕ ಮಜ್ಜಿಗೆ ತಂದಿಟ್ಟಿದ್ದಳು. ಊಟಕ್ಕೆ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ತಿಂಡಿ ಮುಗಿಸಿ, ತೋಟ ದಾಟಿ ಬೆಟ್ಟಕ್ಕೆ ಹೋದೆವು.

ಹೊರಗಿನವರಿಗೆ ಒಂದು ಮಾತು. ನಮ್ಮ ಕಡೆ ಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಒದಗಿಸಲು ಬಿಟ್ಟುಕೊಟ್ಟ ಕಾಡು, ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಹಕ್ಕು ಸಿಕ್ಕಿತು. ಭೂಮಿ ಸರಕಾರದ್ದು, ಸೊಪ್ಪು ತೋಟಿಗರದ್ದು. ಚೆನ್ನಾಗಿ ನೋಡಿಕೊಂಡ ಬೆಟ್ಟ ಕಾಡೇ ಆಗಿ ಉಳಿದಿದೆ. ನೋಡಿಕೊಳ್ಳದ್ದು ಬೋಳಾಗಿ ಕರಡದ ಹುಲ್ಲಿನ ಬೇಣದಂತಾಗಿದೆ. ಭಾವನ ಬೆಟ್ಟ ಎರಡರ ನಡುವಿನದು. ಮೇಲ್ಭಾಗ ತೆಳು, ಹಳ್ಳದ ಬದಿ ದಟ್ಟ.

ಭಾವನಿಗೆ ಬಳ್ಳಿ ಗೊತ್ತು. "ವಾಯುವಿಳಂಗನಾ? ಹಳ್ಳದ ಬದಿಗೆ ಬೇಕಾದಷ್ಟು ಇದ್ದು" ಎಂದು ಕತ್ತಿ ಹಿಡಿದು ಮುಂದೆ ನಡೆದ. ಅದನ್ನು ತಿನ್ನುವ ಹುಳ ಇದೆ ಎಂಬುದು ಮಾತ್ರ ಅವನಿಗೆ ಹೊಸತು. ಚಗಳಿ ಗೂಡಿನ ಹತ್ತಿರದ ಹುಳವೇ ಎಂದು ಕೇಳಿದ. ಅವನ ಪ್ರಶ್ನೆ ಚುರುಕಾದದ್ದು. ನಮ್ಮ ಕಾಡಿನ ಕೆಲವು ನೀಲಿ ಚಿಟ್ಟೆಗಳ ಮರಿಗಳು, ಓಕ್‌ಬ್ಲೂಗಳಂಥವು, ಚಗಳಿ ಇರುವೆಗಳ ಕಾವಲಿನಲ್ಲಿ ಬೆಳೆಯುತ್ತವೆ. ಹುಳ ಸಿಹಿರಸ ಕೊಡುತ್ತದೆ, ಇರುವೆ ಕಾಯುತ್ತದೆ. ಅಮೆರಿಕದ ಎಷ್ಟೋ ಮೆಟಲ್‌ಮಾರ್ಕುಗಳದ್ದೂ ಇಂಥ ಒಪ್ಪಂದ. ನಮ್ಮ ಕಡೆಯ ಅಬಿಸಾರದ ಬಳಗಕ್ಕೆ ಇರುವೆಯ ಸಂಗವಿಲ್ಲ, ಸಿಹಿರಸ ಕೊಡುವ ಅಂಗವೇ ಇಲ್ಲ. ಹಾಗಾದರೆ ಕಾವಲು? ಅಡಗುವುದೊಂದೇ ಕಾವಲು.

ಎಷ್ಟು ಚೆನ್ನಾಗಿ ಅಡಗುತ್ತದೆ ಎಂಬುದು ಹುಡುಕಿದಾಗಲೇ ತಿಳಿಯುವುದು. ಬಳ್ಳಿಯ ಕೈಗೆಟುಕುವ ಎಲೆಗಳನ್ನು ಒಂದೊಂದಾಗಿ ಮಗುಚಿದೆವು. ಕೀಳಲಿಲ್ಲ, ತೊಟ್ಟು ತಿರುಚಲಿಲ್ಲ, ಕೆಳಗಿನಿಂದ ಕನ್ನಡಿ ಹಿಡಿದು ನೋಡುವುದು ಅಕ್ಕನ ಮಗಳು ಕಲಿತು ಬಂದ ಉಪಾಯ. ಕನ್ನಡಿಯಲ್ಲಿ ಎಲೆಯ ಅಡಿ ಕಾಣುತ್ತದೆ, ಎಲೆ ಅಲುಗುವುದಿಲ್ಲ. ಜೇಡದ ಮೊಟ್ಟೆಚೀಲ, ಎಲೆಸುರುಳಿ, ತಿಗಣೆ ಮರಿಗಳು ಎಲ್ಲ ಸಿಕ್ಕವು. ಭಾವ ಬೇಸರ ಬಂದು ತೋಟಕ್ಕೆ ಹೊರಡುವುದರಲ್ಲಿದ್ದ. ಆಗ ಅವಳು ಉಸಿರು ಬಿಗಿಹಿಡಿದು ಕರೆದಳು. ಎಳೆಯ ಎಲೆಯೊಂದರ ಅಂಚು ತಿಂದುಹೋಗಿತ್ತು. ಅದರ ಪಕ್ಕದ ಎಲೆಯ ಅಡಿಯಲ್ಲಿ, ನಡುನರಕ್ಕೆ ತಾಗಿಕೊಂಡು, ಎಲೆಗಿಂತ ತುಸು ತಿಳಿಯಾದ ಹಸಿರು ಹುಳ. ಚಪ್ಪಟೆ ಮೈ, ಎರಡೂ ಬದಿಗೆ ಎಲೆಯ ಮೇಲೆ ಹಾಸಿದಂತಿರುವ ನವುರು ರೋಮ. ಆ ರೋಮದಿಂದಾಗಿ ಹುಳದ ಅಂಚಿನ ನೆರಳೇ ಎಲೆಯ ಮೇಲೆ ಬೀಳುವುದಿಲ್ಲ, ಹುಳ ಎಲ್ಲಿ ಮುಗಿದು ಎಲೆ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹಕ್ಕಿಯ ಕಣ್ಣಿಗೂ ಹಾಗೇ ಇರಬೇಕು.

ಭಾವ ಬಗ್ಗಿ ಕನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ. "ಇಷ್ಟು ವರ್ಷ ಇದೇ ಬಳ್ಳಿ ಪಕ್ಕ ಓಡಾಡ್ತಾ ಇದ್ದಿ" ಎಂದನಷ್ಟೆ.

ನನಗೆ ಅವತ್ತು ಡೇವಿಡ್ಸನ್, ಐಟ್ಕನ್, ಬೆಲ್ ಮೂವರೂ ಪಕ್ಕದಲ್ಲಿ ನಿಂತ ಹಾಗಿತ್ತು. ಮಳೆಗಾಲದ ಕಾಡಿನಲ್ಲಿ ಉಂಬಳಕ್ಕೆ ರಕ್ತ ಕೊಡುತ್ತ, ಹೊಳೆಯುವ ರೆಕ್ಕೆಗಳನ್ನು ಬಿಟ್ಟು ಎಲೆಯಡಿಯ ಹಸಿರು ಹುಳಗಳನ್ನು ಅವರು ಹುಡುಕಿದ್ದಾರೆ. ಅವರ ಜೊತೆ ಎಲೆ ಮಗುಚಿದ ಕೈಗಳಲ್ಲಿ ಈ ಜಿಲ್ಲೆಯ ಜನರ ಕೈಗಳೂ ಇದ್ದೇ ಇರಬೇಕು. ಗಿಡದ ಗುರುತು ಹೇಳುವವರಿಲ್ಲದೆ ಪರವೂರಿನ ಅಧಿಕಾರಿಗೆ ಈ ಕಾಡಿನಲ್ಲಿ ಎಂಬೇಲಿಯಾ ಎಲ್ಲಿ ಸಿಗಬೇಕು? ಆ ಹೆಸರುಗಳು ಎಲ್ಲೂ ಉಳಿಯಲಿಲ್ಲ ಎಂಬ ನೋವು ನನಗಿದೆ.

ಹುಳವನ್ನು ಮನೆಗೆ ತರಲಿಲ್ಲ. ಬಳ್ಳಿಯ ಪಕ್ಕದ ಮರಕ್ಕೆ ಕೆಂಪು ನೂಲು ಕಟ್ಟಿ, ನೆಲದಿಂದ ಎಷ್ಟು ಎತ್ತರ, ಎಲೆ ಯಾವ ದಿಕ್ಕಿಗೆ, ಅಂಚು ಎಷ್ಟು ತಿಂದಿದೆ ಎಲ್ಲ ಬರೆದುಕೊಂಡೆವು. ರಾತ್ರಿ ಅಕ್ಕನ ಅಪ್ಪೆಹುಳಿ, ಬಾಳೆಕಾಯಿ ಪಲ್ಯ, ತೊಡೆದೇವು. ಮಾತೆಲ್ಲ ಹುಳದ್ದೇ.

ಸೋಮವಾರ, ಕತ್ತಲೆಕಾನು

ಸಿದ್ದಾಪುರ ತಾಲೂಕಿನ ಮಲೆಮನೆ ಹತ್ತಿರದ ಕತ್ತಲೆಕಾನಿಗೆ ಹೋದದ್ದು ಇನ್ನೊಂದು ಆಸೆಯಿಂದ. ಕಾಡು ಜಾಯಿಕಾಯಿ ಬಳಗದ ಮರಗಳ ಜೌಗು ಅಲ್ಲಿದೆ. ನೀರು ನಿಂತ ನೆಲದಿಂದ ಮೊಣಕಾಲು ಮಡಿಸಿದಂತೆ ಮೇಲೆದ್ದು ಮತ್ತೆ ಕೆಳಗಿಳಿಯುವ ಬೇರುಗಳು, ಬುಡದಿಂದ ಮೇಲೆಯೇ ಹೊರಟು ಊರುಗೋಲಾಗಿ ನೆಲಕ್ಕೆ ಇಳಿದ ಬೇರುಗಳು. ಮಣ್ಣಿನಲ್ಲಿ ಗಾಳಿ ಸಿಗದ ಕಾರಣ ಬೇರು ಹೀಗೆ ಹೊರಬಂದು ಉಸಿರಾಡುತ್ತದೆ. ಇಲ್ಲಿಂದ ಅಘನಾಶಿನಿ ಕಣಿವೆವರೆಗಿನ ಕಾಡು ಸಿಂಗಳೀಕಗಳ ಸೀಮೆ. ನಮಗೆ ದೂರದಿಂದ ಅವುಗಳ ಕೂಗು ಮಾತ್ರ ಸಿಕ್ಕಿತು.

ಜೌಗಿನ ಒಳಗೆ, ಕಡುಗತ್ತಲೆಯಲ್ಲಿ, ಅಬಿಸಾರ ಕಾಣಲಿಲ್ಲ. ಸಿಕ್ಕಿದ್ದು ಜೌಗು ಮುಗಿದು ಕಾಲುದಾರಿ ತುಸು ಬಿಚ್ಚಿಕೊಳ್ಳುವ ಅಂಚಿನಲ್ಲಿ. ಅಣಶಿ, ದೇವಿಮನೆ, ಬೆಟ್ಟ, ಈಗ ಇಲ್ಲಿ, ಕಂಡ ಕಡೆಯೆಲ್ಲ ಒಂದೇ ಬಗೆಯ ಜಾಗ. ಪೂರ್ತಿ ಕತ್ತಲೆಯೂ ಅಲ್ಲ, ಬಯಲೂ ಅಲ್ಲ. ಮೇಲೆ ಹೆಮ್ಮರದ ಚಪ್ಪರ, ಕೆಳಗೆ ಸೊಂಟದೆತ್ತರದ ಹಸಿರು, ಹತ್ತಿರದಲ್ಲಿ ತೇವ, ಹಬ್ಬಲು ಮರ ಸಿಕ್ಕ ವಾಯುವಿಳಂಗ. ಇವು ನಾಲ್ಕೂ ಕೂಡಿದ ಕಡೆ ಅದು ಸಾಮಾನ್ಯ ಚಿಟ್ಟೆ, ಯಾರು ಬೇಕಾದರೂ ನೋಡಬಹುದು. ಒಂದು ತಪ್ಪಿದರೂ ಇಲ್ಲ. ಆದ್ದರಿಂದ ಅಬಿಸಾರ ಎಲ್ಲಿ ಬದುಕುತ್ತದೆ ಎಂದು ಕೇಳಿದವರಿಗೆ ಘಟ್ಟದ ನಕ್ಷೆ ತೋರಿಸಿ ಪ್ರಯೋಜನವಿಲ್ಲ. ನಕ್ಷೆಯಲ್ಲಿ ಕಾಣದಷ್ಟು ಸಣ್ಣ ಸಣ್ಣ ಅಂಚುಗಳಲ್ಲಿ ಅದರ ದೇಶವಿದೆ. ಅಂಥ ಅಂಚುಗಳು ಹುಲಿ ಕಾಡಿನಲ್ಲಿ ಎಷ್ಟಿವೆಯೋ ನಮ್ಮ ಬೆಟ್ಟ, ಕಾನು, ಹಳ್ಳದ ಬದಿಗಳಲ್ಲೂ ಅಷ್ಟೇ ಇವೆ. ಅವನ್ನು ಉಳಿಸುವುದೂ ಅಳಿಸುವುದೂ ಇಲಾಖೆಗಿಂತ ಹೆಚ್ಚಾಗಿ ಭಾವನಂಥವರ ಕೈಯಲ್ಲಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಮಗಳಿಗೆ ನಾನು ಹೇಳಿದ್ದು ಇದನ್ನೇ. "ಹಂಗಾರೆ ಅಪ್ಪನ ಹತ್ರ ನೀನೇ ಹೇಳು" ಎಂದಳು.

ಮಂಗಳವಾರ, ಮತ್ತೆ ಬೆಟ್ಟ

ಬೆಳಿಗ್ಗೆ ಎದ್ದು ನೋಡಿದರೆ ಬೆಟ್ಟ ಸವರಲು ಆಳುಗಳು ಬಂದು ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಮಳೆಗಾಲದಲ್ಲಿ ಎದ್ದ ಪೊದೆ, ಮುಳ್ಳು, ಬಳ್ಳಿ ಸವರಿ, ಕರಡ ಕೊಯ್ದು, ದರಕು ಗುಡಿಸಲು ದಾರಿ ಮಾಡಿಕೊಳ್ಳುವ ಕಾಲ ಇದು. ಅಡಿಕೆಯ ಕೊನೆಕೊಯ್ಲಿಗೆ ಮೊದಲು ಮುಗಿಸಬೇಕು.

ಅವರಿಗಿಂತ ಮುಂಚೆ ನಾವು ಹಳ್ಳದ ಬದಿಗೆ ಹೋದೆವು. ಕೆಂಪು ನೂಲಿನ ಮರದ ಪಕ್ಕದ ಎಲೆಯ ಅಡಿಯಲ್ಲಿ ಹುಳ ಇರಲಿಲ್ಲ. ಅವಳ ಮುಖ ಸಣ್ಣದಾಯಿತು. ಸುತ್ತಲಿನ ಎಲೆಗಳಿಗೆಲ್ಲ ಕನ್ನಡಿ ಹಿಡಿಯುತ್ತ ಹೋದಾಗ, ಗೇಣು ದೂರದ ಬಲಿತ ಎಲೆಯೊಂದರ ಅಡಿಯಲ್ಲಿ ಗೂಡು ಕಂಡಿತು. ತೂಗುವ ಗೂಡಲ್ಲ, ಎಲೆಗೆ ಅಪ್ಪಿಕೊಂಡದ್ದು. ನಡುವಿಗೆ ರೇಷ್ಮೆಯ ಎಳೆ ಸುತ್ತಿಕೊಂಡು, ಹೊಟ್ಟೆ ಎಲೆಗೆ ಒತ್ತಿ, ಚಪ್ಪಟೆಯಾಗಿ ಮಲಗಿದ ಹಸಿರು. ಹುಳಕ್ಕಿದ್ದ ಹಾಗೆ ಗೂಡಿಗೂ ರೋಮ. ಸಾಕಷ್ಟು ಬೆಳೆದ ಹುಳವನ್ನೇ ನಾವು ಭಾನುವಾರ ಕಂಡದ್ದು. ನಡುವೆ ಅದು ಊಟ ನಿಲ್ಲಿಸಿ, ಗಟ್ಟಿ ಎಲೆ ಆರಿಸಿಕೊಂಡು ಸರಿದಿತ್ತು. ಎಳೆ ಎಲೆ ಊಟಕ್ಕೆ, ಬಲಿತ ಎಲೆ ಗೂಡಿಗೆ. ಗೂಡು ಒಡೆಯುವ ತನಕ ಉದುರದ ಎಲೆಯೇ ಬೇಕಲ್ಲ.

ಭಾವ ಬಂದ, ನೋಡಿದ. ಆಳುಗಳ ಮೇಸ್ತ್ರಿಯನ್ನು ಕರೆದು ಅಲ್ಲೇ ತೋರಿಸಿದ. ಹಳ್ಳದ ಬದಿಯ ಪಟ್ಟಿಯಲ್ಲಿ ವಾಯುವಿಳಂಗ ಹಬ್ಬಿದ ಮರಗಳ ಬುಡ ಸವರುವುದು ಬೇಡ, ದಾರಿಗೆ ಅಡ್ಡ ಬಂದ ಮುಳ್ಳಷ್ಟೇ ತೆಗೆದರೆ ಸಾಕು ಎಂದ. ಮೇಸ್ತ್ರಿ ಕೇಳಿದ್ದು ಒಂದೇ ಮಾತು, "ದರಕು ಕಮ್ಮಿ ಆಗೂದಿಲ್ವಾ ಹೆಗಡೇರೆ?" ಆ ಪಟ್ಟಿಯಿಂದ ಬರುವ ದರಕು ಎಷ್ಟೂ ಇಲ್ಲ, ಅಲ್ಲಿ ಮಣ್ಣೇ ಒದ್ದೆ, ಎಲೆ ಕೊಳೆತುಹೋಗುತ್ತದೆ ಎಂದು ಭಾವ ಲೆಕ್ಕ ಹೇಳಿದ. ಕಾಯಿ ಬೇಕಾದರೆ ಬಳ್ಳಿ ಎಳೆಯದೆ, ಏಣಿ ಹಾಕಿ ಗೊಂಚಲು ಮಾತ್ರ ಕೊಯ್ಯಬೇಕು ಎಂದೂ ಸೇರಿಸಿದ. ನಾನು ಹೇಳಬೇಕೆಂದಿದ್ದ ಮಾತು ಹೇಳುವ ಪ್ರಮೇಯವೇ ಬರಲಿಲ್ಲ.

ಗೂಡು ಒಡೆಯುವ ತನಕ ದಿನಾ ಬೆಳಿಗ್ಗೆ ನೋಡಿ ಬರೆಯುವ ಕೆಲಸ ಅಕ್ಕನ ಮಗಳದ್ದು. ಕಾಲೇಜು ಶುರುವಾದ ಮೇಲೆ ಭಾವನದ್ದು, ತೋಟಕ್ಕೆ ಹೋಗುವಾಗ ಹೇಗೂ ಆ ದಾರಿ. ಕನ್ನಡಿಯನ್ನು ಅವನಿಗೆ ಬಿಟ್ಟುಕೊಟ್ಟೆ. ಪುಸ್ತಕದಲ್ಲಿ ಯಾವ ಯಾವ ಅಂಕಣ ಇರಬೇಕು ಎಂದು ಮೂವರೂ ಕೂತು ಗೆರೆ ಹಾಕಿದೆವು. ತಾರೀಕು, ಹೊತ್ತು, ಮಳೆ-ಬಿಸಿಲು, ಗೂಡಿನ ಬಣ್ಣ, ಹತ್ತಿರ ಚಿಟ್ಟೆ ಕಂಡಿತೇ, ಕಂಡರೆ ಎಷ್ಟು ಕಾಲಲ್ಲಿ ನಿಂತಿತ್ತು. ಕೊನೆಯ ಅಂಕಣ ಭಾವನ ಒತ್ತಾಯದ್ದು. ಗಂಡಿಗೆ ನಾಲ್ಕು, ಹೆಣ್ಣಿಗೆ ಆರು ಎಂಬುದನ್ನು ತಾನೇ ಕಣ್ಣಾರೆ ನೋಡದೆ ನಂಬುವುದಿಲ್ಲ ಎಂದ.